ಕೊಬ್ಬರಿ ಶೆಡ್ಡಿನಲ್ಲಿ ಮಲಗಿಸಿದ ನೀರಿನ ಬೈಕು

ಕೊರೋನಾ ಗಲಾಟೆ ಮುಗಿದು ಎರಡು ವರ್ಷ ಕಳೆದಿತ್ತು. ಆ ಕಾಯಿಲೆ ನಮ್ಮ ಮನೆಯಲ್ಲಿ ಯಾರನ್ನೂ ಕರೆದುಕೊಂಡು ಹೋಗಲಿಲ್ಲ, ನನ್ನ ಮೂಗನ್ನು ಮಾತ್ರ ಕೆಡಿಸಿ ಹೋಯಿತು. ಇವತ್ತಿಗೂ ಹಾಲು ಉಕ್ಕಿ ತಳ ಹಿಡಿದರೂ ನನಗೆ ಗೊತ್ತಾಗುವುದಿಲ್ಲ. ನನ್ನ ಅತ್ತೆಯದೂ ಅದೇ ಪಾಡು. ಒಗ್ಗರಣೆ ಸೀದಿದೆಯೋ ಇಲ್ಲವೋ ಎಂದು ಅತ್ತೆ ಸೊಸೆ ಇಬ್ಬರೂ ಬಾಣಲೆಯೊಳಗೆ ಬಗ್ಗಿ ನೋಡುವುದನ್ನು ಕಂಡು ಮನೆಯವರೆಲ್ಲ ನಗುತ್ತಿದ್ದರು. ನಾವೂ ನಗುತ್ತಿದ್ದೆವು. ಆ ವರ್ಷ ಆಷಾಢದ ಒಂದು ಸಂಜೆ ಆದ ಮೇಲೆ ನಾವಿಬ್ಬರೂ ಆ ವಿಷಯಕ್ಕೆ ನಗುವುದನ್ನು ಬಿಟ್ಟೆವು.

ನಮ್ಮದು ಅರಸೀಕೆರೆ ಪೇಟೆಯ ಹೊರಗೆ, ರೈಲು ಹಳಿಯ ಪಕ್ಕದ ತೋಟದ ಮನೆ. ಯಜಮಾನರು ಬೇಲೂರಿನಲ್ಲಿ ಮೇಷ್ಟ್ರು, ಶನಿವಾರ ಬಂದು ಸೋಮವಾರ ಬೆಳಗ್ಗೆ ಬಸ್ಸು ಹತ್ತುವವರು. ನಾನು ಮನೆಯ ಮುಂದಿನ ಕೋಣೆಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದೇನೆ. ಜಾವಗಲ್‌ನಲ್ಲಿ ನಮ್ಮಪ್ಪನಿಗೆ ಇದೇ ಕಸುಬು. ಗಂಡು ಮಕ್ಕಳಿಲ್ಲದ್ದಕ್ಕೆ ನನಗೆ ಕಲಿಸಿದರು ಎಂದು ಜನ ಅಂದುಕೊಳ್ಳುತ್ತಾರೆ. ನನಗೆ ಅದು ಚೆನ್ನಾಗಿ ಬರುತ್ತಿತ್ತು, ಅದಕ್ಕೇ ಕಲಿಸಿದರು. ಸುತ್ತಲ ಹತ್ತು ಹಳ್ಳಿಯ ಪಂಪ್‌ಸೆಟ್ಟುಗಳು ಸುಟ್ಟಾಗ ನನ್ನ ಹತ್ತಿರವೇ ಬರುತ್ತವೆ. ಆದ್ದರಿಂದ ಯಂತ್ರದ ವಿಷಯದಲ್ಲಿ ನನಗೆ ಸ್ವಲ್ಪ ಕೊಬ್ಬು ಇತ್ತು, ಒಪ್ಪಿಕೊಳ್ಳುತ್ತೇನೆ.

ಅತ್ತೆಯ ಲೋಕ ಹಿತ್ತಿಲ ಕೊಬ್ಬರಿ ಶೆಡ್ಡು. ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಹಾಗೇ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಆಗಿದೆಯೋ ಇಲ್ಲವೋ ಎಂದು ಒಡೆದು ನೋಡುವಂತಿಲ್ಲ, ಕಿವಿಯ ಹತ್ತಿರ ಅಲ್ಲಾಡಿಸಿ ಕೇಳಬೇಕು. ಅತ್ತೆ ಈ ವಿದ್ಯೆಯಲ್ಲಿ ಪಳಗಿದವರು. ಕಾಯಿಯನ್ನು ಒಂದು ಸಲ ಅಲ್ಲಾಡಿಸಿ, "ಇದ್ರಲ್ಲಿ ಇನ್ನೊಂದು ಚಮಚ ನೀರೈತೆ, ಮ್ಯಾಲಕ್ಕೆ ಹಾಕು" ಅನ್ನುತ್ತಿದ್ದರು. ಹಟಕ್ಕೆ ಬಿದ್ದು ಒಡೆದು ನೋಡಿದರೆ ಒಂದೇ ಚಮಚ ಇರುತ್ತಿತ್ತು. ಅವರ ಮೂಗು ಹೋದರೂ ಕಿವಿ ಹಾಗೇ ಇತ್ತು.

ಆ ಬೇಸಿಗೆಯ ಕೊನೆಯಲ್ಲಿ ನನ್ನ ಮೈದುನ ಮಂಜು ಕರಾವಳಿಗೆ ಹೋಗಿ ಒಂದು ಹಳೆಯ ವಾಟರ್ ಸ್ಕೂಟರ್ ಕೊಂಡು ತಂದ. ನೀರಿನ ಮೇಲೆ ಬೈಕಿನ ಹಾಗೆ ಕೂತು ಓಡಿಸುತ್ತಾರಲ್ಲ, ಅದು. ಬೇಲೂರು, ಹಳೇಬೀಡು ನೋಡಲು ಬರುವವರನ್ನು ಹಿನ್ನೀರಿನಲ್ಲಿ ಸುತ್ತಾಡಿಸಿ ದುಡಿಯುವುದು ಅವನ ಕನಸು. ಪಿಕಪ್ ಗಾಡಿಯಲ್ಲಿ ಬಂದ ಅದನ್ನು ನೋಡಲು ಅಕ್ಕಪಕ್ಕದವರೆಲ್ಲ ಸೇರಿದರು. ಅತ್ತೆ ಅದಕ್ಕೆ 'ನೀರಿನ ಬೈಕು' ಎಂದು ಹೆಸರಿಟ್ಟರು. ಕಡು ನೀಲಿ ಬಣ್ಣ. ಒಂದು ಪಕ್ಕಕ್ಕೆ ಉದ್ದಕ್ಕೆ ಗೀರಿತ್ತು.

ಮಾರಿದವನೂ ಗಾಡಿಯ ಜೊತೆಗೇ ಬಂದಿದ್ದ. ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಮಂಜು ಉತ್ಸಾಹದಿಂದ, "ಸವಾರ ಬಿದ್ರೂ ಇದು ಓಡಿ ಹೋಗಲ್ಲ ಅಮ್ಮ. ಸುತ್ತು ಹಾಕ್ಕೊಂಡು ಬಿದ್ದೋರ ಹತ್ರನೇ ವಾಪಸ್ ಬತ್ತದೆ. ಇವರೇ ಕಣ್ಣಾರೆ ನೋಡವ್ರಂತೆ" ಎಂದ.

ಅತ್ತೆ ಸುಮ್ಮನಿರಲಿಲ್ಲ. ಆ ಮನುಷ್ಯನ ಕಡೆ ತಿರುಗಿ, "ಯಾರು ಬಿದ್ದಿದ್ರಪ್ಪ?" ಎಂದು ಕೇಳಿದರು.

ಅವನು ಕೇಳಿಸದವನಂತೆ ಹಗ್ಗ ಸುತ್ತತೊಡಗಿದ. ಕಾಫಿ ಬೇಡವೆಂದ. ನಾನು ಮೆಕ್ಯಾನಿಕ್ ಎಂದು ಮಂಜು ಹೇಳಿದ್ದರಿಂದ ಹೊರಡುವ ಮೊದಲು ನನ್ನನ್ನು ಪಕ್ಕಕ್ಕೆ ಕರೆದು, ಮಳೆಗಾಲದಲ್ಲಿ ಓಡಿಸದೆ ಅದನ್ನು ಮಲಗಿಸಿಡುವ ಕ್ರಮ ಹೇಳಿದ. "ನೋಡಿ ಮೇಡಂ, ತೊಳೀಲಿಕ್ಕೆ ಪೈಪು ಕೊಡುವಾಗ ಮೊದಲು ಇಂಜಿನ್ ಸ್ಟಾರ್ಟ್ ಆಗ್ಬೇಕು, ಮತ್ತೆ ನೀರು. ನಿಲ್ಲಿಸುವಾಗ ಮೊದಲು ನೀರು ಬಂದ್, ಮತ್ತೆ ಇಂಜಿನ್. ಉಲ್ಟಾ ಮಾಡ್ಲಿಕ್ಕಿಲ್ಲ. ಟ್ಯಾಂಕ್ ಫುಲ್ ಇಡಿ, ಖಾಲಿ ಇದ್ರೆ ಒಳಗೆ ಬೆವರ್ತದೆ. ಹಿಂದೆ ಒಳಗಿನ ನೀರು ಬಸಿದು ಹೋಗ್ಲಿಕ್ಕೆ ಎರಡು ಬಿರಡೆ ಉಂಟು, ಅದನ್ನು ತೆಗೆದೇ ಇಡಿ. ಸೀಟು ಪೂರ್ತಿ ಮುಚ್ಬೇಡಿ, ಗಾಳಿ ಆಡ್ಬೇಕು." ನಾನು ತಲೆಯಾಡಿಸಿದೆ. ಮೂವತ್ತು ವರ್ಷದಿಂದ ಪಂಪು ಬಿಚ್ಚುತ್ತಿರುವವಳಿಗೆ ಇವನು ಪಾಠ ಹೇಳುತ್ತಾನಲ್ಲ ಎಂದು ಒಳಗೇ ಉರಿಯುತ್ತಿತ್ತು.

ಮಂಜು ಒಂದೇ ಒಂದು ಭಾನುವಾರ ಬೇಲೂರಿನ ಕಡೆ ಹಿನ್ನೀರಿನಲ್ಲಿ ಅದನ್ನು ಓಡಿಸಿದ. ಅಷ್ಟರಲ್ಲಿ ಮಳೆ ಹಿಡಿಯಿತು. ಇನ್ನು ದೀಪಾವಳಿಯವರೆಗೆ ಅದನ್ನು ನೀರಿಗೆ ಇಳಿಸುವಂತಿಲ್ಲ, ಮಲಗಿಸಿಬಿಡಿ ಅತ್ತಿಗೆ ಎಂದು ನನಗೆ ಒಪ್ಪಿಸಿ, ಲೈಸೆನ್ಸು ಕಾಗದ ಎಂದು ಓಡಾಡಲು ಹೊರಟ. ಕೊಬ್ಬರಿ ಶೆಡ್ಡಿನ ಅಟ್ಟದ ಕೆಳಗೆ ಜಾಗವಿತ್ತು. ಅದನ್ನು ಕೂರಿಸಿದ್ದ ಚಕ್ರದ ಚೌಕಟ್ಟಿನ ಸಮೇತ ಅಲ್ಲಿ ತಳ್ಳಿ, ಚಕ್ರಗಳಿಗೆ ಇಟ್ಟಿಗೆ ಕೊಟ್ಟು ನಿಲ್ಲಿಸಿದೆವು.

ಈಗ ನನ್ನ ಬುದ್ಧಿವಂತಿಕೆ ಕೇಳಿ. ನಮ್ಮ ಪಂಪಿನ ಕಸುಬಿನಲ್ಲಿ ಮೊದಲ ಪಾಠವೇ ಇದು: ಪಂಪಿಗೆ ಮೊದಲು ನೀರು ತುಂಬಿಸಬೇಕು, ಆಮೇಲೆ ಸ್ವಿಚ್ ಹಾಕಬೇಕು. ಒಣ ಪಂಪು ಓಡಿಸಿದರೆ ಸುಟ್ಟು ಹೋಗುತ್ತದೆ. ಚಿಕ್ಕಂದಿನಿಂದ ಕೈಗೆ ಅಂಟಿದ ಅಭ್ಯಾಸ. ಆ ಮನುಷ್ಯ ಬಾಯಿಬಿಟ್ಟು ಹೇಳಿದ್ದರೂ, ಬೋರ್‌ವೆಲ್ ಪೈಪು ಸಿಕ್ಕಿಸಿ ಎರಡು ನಿಮಿಷ ಚೆನ್ನಾಗಿ ನೀರು ಬಿಟ್ಟು, ಆಮೇಲೆ ಸ್ಟಾರ್ಟ್ ಒತ್ತಿದೆ. 'ಕಟ್' ಎಂದು ಒಂದು ಶಬ್ದ ಬಂದು ಇಂಜಿನ್ ಹಿಡಿದುಕೊಂಡು ನಿಂತಿತು. ಹೊಗೆ ಹೋಗುವ ದಾರಿಯಲ್ಲಿ ನೀರು ವಾಪಸ್ ಹೋಗಿ ಇಂಜಿನ್ನಿನೊಳಗೇ ತುಂಬಿಕೊಂಡಿತ್ತು.

ಯಾರಿಗೂ ಹೇಳಲಿಲ್ಲ. ಸೀಟು ಎತ್ತಿ, ಕೈ ತೂರಿಸಿ, ಅಡ್ಡ ಬಂದ ರಬ್ಬರ್ ಪೈಪುಗಳನ್ನು ಪಕ್ಕಕ್ಕೆ ಬಗ್ಗಿಸಿ ಪ್ಲಗ್ಗುಗಳನ್ನು ಬಿಚ್ಚಿದೆ. ಮತ್ತೆ ಸ್ಟಾರ್ಟ್ ಒತ್ತಿದಾಗ ಒಳಗಿದ್ದ ನೀರು ಚಿಮ್ಮಿ ನನ್ನ ಮುಖಕ್ಕೆ ಹೊಡೆಯಿತು. ತುಟಿ ನೆಕ್ಕಿಕೊಂಡೆ, ಉಪ್ಪು. ನಾನು ಬಿಟ್ಟಿದ್ದು ನಮ್ಮ ಬೋರ್‌ವೆಲ್ ನೀರು. ಹಳೆಯ ಉಪ್ಪು ಒಳಗೆ ಕಟ್ಟಿಕೊಂಡಿರಬೇಕು ಎಂದು ಸಮಾಧಾನ ಹೇಳಿಕೊಂಡರೂ ಆ ರುಚಿ ಸಂಜೆಯವರೆಗೂ ಬಾಯಿಂದ ಹೋಗಲಿಲ್ಲ.

ಉಳಿದದ್ದನ್ನು ಜತನದಿಂದ ಮಾಡಿದೆ. ಇಂಜಿನ್ನಿಗೆ ಎಣ್ಣೆ ಬಿಟ್ಟೆ, ಕೀಲುಗಳಿಗೆ ಗ್ರೀಸು ಹಚ್ಚಿದೆ, ಬ್ಯಾಟರಿ ತೆಗೆದು ಅಂಗಡಿಗೆ ತಂದೆ, ಟ್ಯಾಂಕು ತುಂಬಿಸಿದೆ. ಒಳಗಿನ ನೀರನ್ನೆಲ್ಲ ಬಟ್ಟೆಯಲ್ಲಿ ಹಿಂಡಿ ತೆಗೆದೆ. ಆದರೆ ಬಿರಡೆ ತೆಗೆದೇ ಇಡಿ ಅಂದಿದ್ದನಲ್ಲ, ಅದು ನನಗೆ ಒಪ್ಪಿಗೆಯಾಗಲಿಲ್ಲ. ಕೊಬ್ಬರಿ ಶೆಡ್ಡಿನಲ್ಲಿ ಬೆರಳು ತೂರುವಷ್ಟು ಸಂದು ಕಂಡರೂ ಇಲಿ ಸಂಸಾರ ಹೂಡುತ್ತದೆ. ಸಂದು ಮುಚ್ಚುವುದು ಈ ಮನೆಗೆ ಸೊಸೆಯಾಗಿ ಬಂದ ದಿನದಿಂದ ಕಲಿತ ಪಾಠ. ಬಿರಡೆಗಳನ್ನು ಬಿಗಿಯಾಗಿ ತಿರುಗಿಸಿದೆ. ಉಳಿದ ತೂತುಗಳಿಗೆ ತೆಂಗಿನ ನಾರಿನ ಗುಂಜು ತುರುಕಿದೆ. ಸೀಟು ಒತ್ತಿ ಮುಚ್ಚಿ, ಮೇಲೆ ಟಾರ್ಪಾಲು ಹೊದಿಸಿ, ಹಗ್ಗದಲ್ಲಿ ಸುತ್ತ ಕಟ್ಟಿದೆ. ಇರುವೆ ಕೂಡ ಹೋಗದ ಹಾಗೆ ಕಟ್ಟಿದ್ದೇನೆ ಎಂದು ಅತ್ತೆಗೆ ಹೇಳಿಯೂ ಹೇಳಿದೆ.

ನಾಲ್ಕನೆಯ ದಿನ ಅತ್ತೆ ಅಂಗಡಿಯ ಬಾಗಿಲಿಗೆ ಬಂದು ನಿಂತರು. "ಸುಮಾ, ಆ ಗಾಡಿ ಒಳಗೆ ನೀರೈತೆ ಕಣಮ್ಮ."

"ಇಲ್ಲ ಅತ್ತೆ, ಎಲ್ಲಾ ಹಿಂಡಿ ತೆಗ್ದಿದ್ದೀನಿ."

"ಐತೆ. ಗುಳುಗುಳು ಅಂತೈತೆ. ನಂಗೆ ಕೇಳುಸ್ತು."

ಹಳಿಯ ಮೇಲೆ ರೈಲು ಹೋದಾಗ ನಮ್ಮ ನೆಲ ಅದುರುತ್ತದೆ, ಗೋಡೆಯ ತಟ್ಟೆಗಳೂ ಗಲಗಲ ಅನ್ನುತ್ತವೆ, ಅದರದ್ದೇ ಶಬ್ದ ಎಂದು ಹೇಳಿ ಕಳಿಸಿದೆ. ಅವರು ಹೋದರು. ಎರಡು ದಿನ ಬಿಟ್ಟು ಊಟಕ್ಕೆ ಕೂತಾಗ ತಟ್ಟೆ ನೋಡುತ್ತಲೇ, "ನಿನ್ನೆಗಿಂತ ಇವತ್ತು ಜಾಸ್ತಿ ಐತೆ" ಎಂದರು. ನಾನು ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದೆ. "ದಿನಾ ತುಂಬ್ತಾ ಐತೆ ಸುಮಾ. ನಡುನಡುವೆ ಟಕ್ ಟಕ್ ಅಂತ ತಟ್ಟೋದೂ ಐತೆ. ಚಿಪ್ಪಿನಾಗೆ ಕೊಬ್ಬರಿ ಬಿಟ್ಕಂಡು ಬಡಿಯೋ ಹಂಗೆ."

ನನಗೆ ಸಿಟ್ಟು ಬಂತು. ಸಿಟ್ಟಿನ ಕೆಳಗೆ ಇನ್ನೇನೋ ಇತ್ತು, ಅದಕ್ಕೆ ಹೆದರಿಕೆ ಎಂದು ಆಗ ಹೆಸರಿಡಲಿಲ್ಲ. ಮುಚ್ಚಿದ ಗಾಡಿ. ಸೋರದ ಸೂರು. ತೋಟದ ಸುತ್ತ ಕೆರೆಯಿಲ್ಲ, ಕಾಲುವೆಯಿಲ್ಲ. ನೀರು ಎಲ್ಲಿಂದ ಬಂದು ದಿನಾ ತುಂಬಬೇಕು?

ಮರುದಿನ ಮಧ್ಯಾಹ್ನ ಅತ್ತೆ ಮಲಗಿದ್ದಾಗ ಒಬ್ಬಳೇ ಶೆಡ್ಡಿಗೆ ಹೋದೆ. ಹೊರಗೆ ಜಿಟಿಜಿಟಿ ಮಳೆ ನಿಂತು ಬಿಸಿಲು ಬಿದ್ದಿತ್ತು. ಸೂರಿನ ಗಾಜಿನ ಹೆಂಚಿನಿಂದ ಇಳಿದು, ಅಟ್ಟದ ಗಳಗಳ ನಡುವೆ ಹಾದು ಬಿಸಿಲಿನ ಗೆರೆಗಳು ಟಾರ್ಪಾಲಿನ ಮೇಲೆ ಬಿದ್ದಿದ್ದವು. ಒಂದು ಮೂಟೆಯ ಮೇಲೆ ಕೂತು ಕಾದೆ. ತಿಪಟೂರಿನ ಕಡೆಯಿಂದ ಗೂಡ್ಸ್ ಗಾಡಿ ಬಂತು, ನೆಲ ನಡುಗಿತು, ಟಾರ್ಪಾಲಿನ ಒಳಗೆ ಗುಳುಗುಳು ಎಂದಿತು. ನನ್ನ ಮಾತೇ ಸರಿಯಾಯಿತಲ್ಲ ಎಂದು ಉಸಿರು ಬಿಟ್ಟೆ. ರೈಲು ದೂರ ಹೋಯಿತು. ನೆಲ ತಣ್ಣಗಾಯಿತು. ಆಮೇಲೂ ಅದು ನಿಲ್ಲಲಿಲ್ಲ. ದಡಕ್ಕೆ ಸಣ್ಣ ಅಲೆ ತಾಗುವ ಹಾಗೆ, ಮೆಲ್ಲಗೆ, ಬಿಟ್ಟು ಬಿಟ್ಟು. ಅದರ ನಡುವೆ ಎರಡು ಸಲ, ಟಕ್, ಟಕ್. ನಾನು ಎದ್ದು ಬೆನ್ನು ತಿರುಗಿಸದೆ ಹಿಂದಕ್ಕೇ ನಡೆದು ಹೊರಗೆ ಬಂದೆ. ಅತ್ತೆಗೆ ಏನೂ ಹೇಳಲಿಲ್ಲ.

ಅತ್ತೆಗೆ ಒಂದು ಪದ್ಧತಿಯಿತ್ತು. ದಿನಾ ಹೊತ್ತು ಮುಳುಗುವಾಗ ದೇವರ ಮುಂದೆ ಹಚ್ಚಿದ ಮೇಲೆ ಇನ್ನೊಂದು ಹಣತೆಯನ್ನು ಶೆಡ್ಡಿಗೆ ತಂದು, ಗೋಡೆಯ ಮೇಲ್ಭಾಗದ ಗೂಡಿನಲ್ಲಿ ಇಡುತ್ತಿದ್ದರು. ಆ ಹತ್ತು ದಿನವೂ ಇಟ್ಟಿದ್ದರು. ಹನ್ನೊಂದನೆಯ ದಿನ ಸಂಜೆ ಬತ್ತಿ ಹೊಸೆಯುತ್ತಾ, "ಇವತ್ತು ದೀಪ ಗೂಡಲ್ಲಿ ಇಡಲ್ಲ, ಅದರ ಮುಂದೆ ಇಡ್ತೀನಿ. ಒಳಗೆ ಯಾರಾದ್ರೂ ಇದ್ರೆ ಅವರಿಗೂ ಕತ್ಲೆ ಆಗ್ಬಾರ್ದು" ಎಂದರು.

ಇಷ್ಟು ದಿನ ತಡೆದಿದ್ದೆ. ಆ ಮಾತಿಗೆ ತಡೆಯಲಾಗಲಿಲ್ಲ. ಹೆದರಿಕೆ ಜಾಸ್ತಿಯಾದಾಗ ನನಗೆ ಬಾಯಿ ಜೋರಾಗುತ್ತದೆ. "ಇರಿ ಅತ್ತೆ, ಈಗ್ಲೇ ಬಿಚ್ಚಿ ತೋರುಸ್ತೀನಿ. ಒಳಗೆ ಏನೂ ಇಲ್ಲ, ಯಾರೂ ಇಲ್ಲ" ಎಂದು ಕೂಗಿ ಶೆಡ್ಡಿಗೆ ನುಗ್ಗಿದೆ. ಲೈಟು ಹಾಕಿದೆ. ಹಗ್ಗ ಬಿಚ್ಚಿ ಟಾರ್ಪಾಲು ಎಳೆದೆ. ಸೀಟಿನ ಕೊಂಡಿ ತೆಗೆದು, ಎರಡೂ ಕೈಯಲ್ಲಿ ಸೀಟನ್ನು ಎತ್ತಿಕೊಂಡೆ. ಉದ್ದನೆಯ ಭಾರದ ಸೀಟು. ಇಡಲು ಜಾಗ ನೋಡುತ್ತಾ ಒಂದು ಹೆಜ್ಜೆ ಹಿಂದೆ ಸರಿಯುವಷ್ಟರಲ್ಲಿ ಕರೆಂಟು ಹೋಯಿತು.

ಮೊಬೈಲು ಅಂಗಡಿಯಲ್ಲಿತ್ತು. ಒಳಗೆ ಕಪ್ಪಗೆ ಏನೋ ಮಿನುಗಿದಂತಾಯಿತು, ಸರಿಯಾಗಿ ಕಾಣಲಿಲ್ಲ. ಅತ್ತೆಯ ಹೆಜ್ಜೆ ಅಂಗಳದಲ್ಲಿ ಕೇಳಿಸಿತು. ನಾನೇ ಕರೆದೆ. ಇದನ್ನು ಬರೆಯುವಾಗ ಈಗಲೂ ಬೆರಳು ಹಿಂಜರಿಯುತ್ತದೆ. "ಅತ್ತೆ, ಆ ದೀಪ ಇತ್ಲಾಗೆ ತನ್ನಿ. ಒಳಗೆ ಹಿಡೀರಿ, ನೋಡಣ."

ಅವರು ಬಂದರು. ಒಂದು ಕೈಯಲ್ಲಿ ಹಣತೆ, ಗಾಳಿಗೆ ಆರದಂತೆ ಇನ್ನೊಂದು ಕೈ ಅಡ್ಡ. ಬೆರಳ ಸಂದಿನಲ್ಲಿ ಬೆಳಕು ಕೆಂಪಗೆ ಕಾಣುತ್ತಿತ್ತು. ಹೊಸ್ತಿಲಿಗೆ ಕಾಲು ಎತ್ತಿದರು.

ಆಗ ಅದು ಶಬ್ದ ಮಾಡಿತು. ಮುಚ್ಚಳವಿಲ್ಲದೆ ಸ್ಪಷ್ಟವಾಗಿ ಕೇಳಿಸಿತು. ಎಡದಿಂದ ಬಲಕ್ಕೆ ಒಮ್ಮೆ, ಬಲದಿಂದ ಎಡಕ್ಕೆ ಒಮ್ಮೆ. ಆಮೇಲೆ ಟಕ್.

ಅತ್ತೆಯ ಕಾಲು ಹೊಸ್ತಿಲ ಮೇಲೇ ನಿಂತಿತು. ತಲೆ ಓರೆ ಮಾಡಿದರು, ಕಾಯಿ ಕಿವಿಗಿಟ್ಟಾಗ ಮಾಡುವ ಹಾಗೆ.

"ತಡಿ" ಎಂದರು. "ಇದು ನೀರಲ್ಲ."

"ಏನತ್ತೆ?"

"ನೀರು ಹಿಂಗೆ ಅಲ್ಲಾಡಲ್ಲ ಕಣೇ. ನೀರು ತೂಕವಾಗಿ ಬಡಿತದೆ. ಇದು ತೆಳ್ಳಗೈತೆ. ಈಚೆ ಬಾ, ಸುಮಾ. ಅದನ್ನ ಅಲ್ಲೇ ಬಿಟ್ಟು ಈಚೆ ಬಾ."

ಹಾಗೆ ಹೇಳಿ ಅವರು ದೀಪವನ್ನು ಊದಿ ಆರಿಸಲಿಲ್ಲ. ಆರಿಸುವುದು ಅವರಿಗೆ ಗೊತ್ತಿಲ್ಲ, ಈ ಮನೆಯಲ್ಲಿ ಯಾರೂ ದೀಪ ಊದುವುದಿಲ್ಲ. ಕೈ ಅಡ್ಡ ಹಿಡಿದುಕೊಂಡೇ ತಿರುಗಿ, ಅಂಗಳ ದಾಟಿ, ದನದ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಇಟ್ಟು ಬಂದರು. ಅಷ್ಟರಲ್ಲಿ ನಾನು ಸೀಟನ್ನು ಮೂಟೆಗೆ ಒರಗಿಸಿ, ಗಾಡಿಯೊಳಗೆ ಕೈ ಇಳಿಸಿ ಅದ್ದಿದ್ದೆ. ಮಣಿಕಟ್ಟಿನವರೆಗೆ ಮುಳುಗಿತು. ಕೈ ಎತ್ತಿದ ಕೂಡಲೇ ಚರ್ಮ ಕೊರೆಯುವಷ್ಟು ತಣ್ಣಗಾಗಿ, ನೋಡನೋಡುತ್ತಿದ್ದಂತೆ ಒಣಗಿತು. ಮೂಗಿಗೆ ಹಿಡಿದೆ, ಏನೂ ಇಲ್ಲ. ಏನೂ ವಾಸನೆಯಿಲ್ಲ. ಆದರೆ ಹಾಗೆ ಆರುವುದು ಯಾವುದೆಂದು ನನ್ನ ಕಸುಬಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ನಾನು ಓಡಿ ಹೊರಗೆ ಬಂದು ಅತ್ತೆಯನ್ನು ಹಿತ್ತಿಲ ಗೇಟಿನ ಕಡೆ ಎಳೆದುಕೊಂಡು ಹೋದೆ. ಸ್ವಲ್ಪ ಹೊತ್ತಿಗೆ ಬೈಕಿನಲ್ಲಿ ಬಂದ ಮಂಜು ಹಿತ್ತಿಲ ಗೇಟಿನಲ್ಲೇ, "ಏನತ್ತಿಗೆ ಇದು, ಪೆಟ್ರೋಲ್ ಬಂಕ್ ಇಟ್ಟಿದ್ದೀರಾ, ಮೂಗು ಬಿಡಕ್ಕಾಗ್ತಿಲ್ಲ!" ಎಂದ. ನಡೆದದ್ದನ್ನು ಹೇಳಿದೆ. ಮನೆಯ ಮುಂದಿನ ಮೇನ್ ಸ್ವಿಚ್ ತೆಗೆದು, ಶೆಡ್ಡಿನ ಬಾಗಿಲು ಹಾಗೇ ತೆರೆದಿಟ್ಟು, ಬೆಳಗಾಗುವವರೆಗೆ ಯಾರೂ ಆ ಕಡೆ ಹೋಗಬಾರದೆಂದ.

ಬೆಳಗ್ಗೆ ಬಿರಡೆ ತೆಗೆದೆವು. ಎರಡು ಬಕೆಟ್ಟಿಗೂ ಮೇಲೆ ಬಂತು. ಪ್ಲಗ್ಗು ಬಿಚ್ಚುವ ಅವಸರದಲ್ಲಿ ನಾನು ಬಗ್ಗಿಸಿದ್ದ, ಟ್ಯಾಂಕಿನಿಂದ ಪೆಟ್ರೋಲು ತರುವ ಹಳೆಯ ರಬ್ಬರ್ ಪೈಪು ಬುಡದಲ್ಲಿ ಸೀಳಿತ್ತು. ಬಿರಡೆ ತೆಗೆದೇ ಇಟ್ಟಿದ್ದರೆ ಮೊದಲ ದಿನವೇ ನೆಲದ ಮೇಲೆ ಕಾಣುತ್ತಿತ್ತು. ಇಲಿಗೆ ಹೆದರಿ ನಾನೇ ಅದನ್ನು ತುಂಬಿಸಿಟ್ಟಿದ್ದೆ. ಬಿಗಿದು ಕಟ್ಟಿದ ಟಾರ್ಪಾಲಿನೊಳಗೆ ಅದರ ಆವಿ ಅಷ್ಟು ದಿನ ಸೆರೆಯಾಗಿತ್ತು, ಮೂಗು ಸರಿಯಿದ್ದ ಯಜಮಾನರಾಗಲಿ ಮಂಜುವಾಗಲಿ ಶೆಡ್ಡಿನ ಕಡೆ ಸುಳಿದಿರಲಿಲ್ಲ. ಅದನ್ನು ಬಿಡಿಸಿ ಶೆಡ್ಡಿನ ತುಂಬಾ ಹರಿಯಬಿಟ್ಟು, ದೀಪ ತನ್ನಿ ಎಂದು ಕರೆದವಳೂ ನಾನೇ.

ಕೊನೆಯಲ್ಲಿ ಬಿರಡೆಯ ತೂತಿಗೆ ಏನೋ ಅಡ್ಡ ಬಂದು ನಿಂತಿತು. ಮಂಜು ಒಳಗಿನಿಂದ ಕೈ ಹಾಕಿ ತೆಗೆದ. ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಪೀಪಿ. ನೀರಿಗಿಳಿಯುವವರು ಹಾಕುವ ಜಾಕೆಟ್ಟಿಗೆ ಕಟ್ಟಿರುತ್ತಾರಂತೆ, ಬಿದ್ದಾಗ ಊದಿ ಕರೆಯಲು. ಬಾಯಿಡುವ ಕಡೆ ಹಲ್ಲು ಕಚ್ಚಿದ ಗುರುತಿತ್ತು. ತೇಲಾಡುತ್ತಾ ಟಕ್ ಟಕ್ ಎಂದು ತಟ್ಟುತ್ತಿದ್ದುದು ಅದೇ. ನಾನು ಹಿಂಡಿ ಒರೆಸಿದಾಗ ಕೈಗೆ ಸಿಕ್ಕಿರಲಿಲ್ಲ. ಯಾವುದೋ ಮೂಲೆಯಲ್ಲಿ ಸಿಕ್ಕಿಕೊಂಡಿದ್ದಿರಬೇಕು.

ಮಂಜು ಮಾರಿದವನಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದ. ಪೈಪು ಒಡೆದದ್ದು, ಪೆಟ್ರೋಲು ಸೋರಿದ್ದು ಎಲ್ಲಾ ಹೇಳಿದ. ಆ ಕಡೆಯವನು ಹ್ಞೂಂ, ಹ್ಞೂಂ ಎನ್ನುತ್ತಿದ್ದ. ಕೊನೆಗೆ ಪೀಪಿ ಸಿಕ್ಕಿದ್ದನ್ನೂ ಮಂಜು ಹೇಳಿದ. ಆ ಕಡೆಯವನು, "ಅದು ಇನ್ನೂ ಅದರಲ್ಲೇ ಇತ್ತಾ?" ಎಂದ. ಅಷ್ಟೇ, ಫೋನು ಇಟ್ಟ. ಮತ್ತೆ ಮಾಡಿದರೆ ಎತ್ತಲಿಲ್ಲ. ಯಾರು ಬಿದ್ದಿದ್ದರು ಎಂದು ಅತ್ತೆ ಕೇಳಿದ್ದಕ್ಕೆ ನಮಗೆ ಸಿಕ್ಕ ಉತ್ತರ ಅಷ್ಟು ಮಾತ್ರ.

ಮಂಜು ಅದನ್ನು ಮಾರಲಿಲ್ಲ. ಎಲ್ಲ ಪೈಪು ಹೊಸದು ಹಾಕಿದೆವು. ಈಗ ಪ್ರತಿ ಮಳೆಗಾಲಕ್ಕೂ ನಾನೇ ಮಲಗಿಸುತ್ತೇನೆ, ಆ ಮನುಷ್ಯ ಹೇಳಿದ ಕ್ರಮದಲ್ಲೇ. ಮೊದಲು ಇಂಜಿನ್, ಆಮೇಲೆ ನೀರು. ಬಿರಡೆ ತೆಗೆದು, ಸೀಟು ಓರೆ ಮಾಡಿ, ಮನೆಯಿಂದ ದೂರ ತಗಡಿನ ಚಪ್ಪರದ ಕೆಳಗೆ. ಇಲಿ ಬಂದರೆ ಬರಲಿ. ಪೀಪಿಯನ್ನು ಅತ್ತೆ ತೊಳೆದು ಶೆಡ್ಡಿನ ಗೂಡಿನಲ್ಲಿ ಇಟ್ಟಿದ್ದಾರೆ, ದಿನಾ ಅದರ ಪಕ್ಕದಲ್ಲಿ ಹಣತೆ ಉರಿಯುತ್ತದೆ. ವಾರಕ್ಕೊಮ್ಮೆ ಚಪ್ಪರಕ್ಕೆ ಹೋಗಿ ಗಾಡಿಯನ್ನು ಅಲ್ಲಾಡಿಸಿ, ಕಿವಿ ಕೊಟ್ಟು, "ಒಣಗೈತೆ" ಎಂದು ನನಗೆ ಹೇಳಿ ಹೋಗುತ್ತಾರೆ. ನಾನು ಮರುಮಾತಾಡುವುದಿಲ್ಲ. ಅವರ ಕಿವಿಯಿಂದ ನಾವಿಬ್ಬರೂ ಉಳಿದೆವು.

ಒಂದು ಮಾತು ಮಾತ್ರ ಉಳಿದಿದೆ. ಆ ಸಂಜೆಯ ಕತೆ ಬಂದಾಗಲೆಲ್ಲ ಅತ್ತೆ ನೆಂಟರಿಗೆ ಹೀಗೆ ಹೇಳುತ್ತಾರೆ: "ಸುಮಾ ಅದನ್ನ ಅಲ್ಲಾಡಿಸಿದ್ಲು, ಅದಕ್ಕೇ ನಂಗೆ ಕೇಳುಸ್ತು. ಇಲ್ದಿದ್ರೆ ದೀಪ ತಗಂಡು ಒಳಕ್ಕೆ ಹೋಗೇಬಿಡ್ತಿದ್ದೆ." ನಾನು ಹೌದೆಂದು ತಲೆಯಾಡಿಸುತ್ತೇನೆ. ಆ ಹೊತ್ತಿನಲ್ಲಿ ಹಳಿಯ ಮೇಲೆ ರೈಲಿರಲಿಲ್ಲ. ನನ್ನ ಎರಡೂ ಕೈಯಲ್ಲಿ ಸೀಟಿತ್ತು. ನಾನು ಅದರಿಂದ ಒಂದು ಹೆಜ್ಜೆ ದೂರ ನಿಂತಿದ್ದೆ. ಇದನ್ನು ಅತ್ತೆಗೆ ಇವತ್ತಿನವರೆಗೂ ಹೇಳಿಲ್ಲ.